ಎಲ್ಲಿಗೂ ಹೋಗದ ರೈಲಿನಲ್ಲಿ ಒಂದು ವಾರ

ರೈಲಿನಲ್ಲಿ ಮಲಗೋದು ನಮಗೇನೂ ಹೊಸದಲ್ಲ. ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವಾಗ ಸೈಡ್ ಅಪ್ಪರ್ ಬರ್ತಿನಲ್ಲಿ ಮೊಣಕಾಲು ಮಡಚಿಕೊಂಡು, ಕೆಳಗೆ ಬಿಟ್ಟ ಚಪ್ಪಲಿ ಬೆಳಿಗ್ಗೆ ಅಲ್ಲೇ ಇರುತ್ತೋ ಇಲ್ಲವೋ ಅನ್ನೋ ಚಿಂತೆಯಲ್ಲಿ ಅರೆನಿದ್ದೆ ಮಾಡಿದವರೇ ನಾವೆಲ್ಲ. ಆದರೆ ಅದೇ ಬೋಗಿ ಎಲ್ಲಿಗೂ ಹೋಗದೆ, ಯಾವುದೋ ಹಳ್ಳಿ ಸ್ಟೇಷನ್ನಿನ ಪಕ್ಕದ ಹಳಿಯ ಮೇಲೆ ಸುಮ್ಮನೆ ನಿಂತಿದ್ದರೆ? ಅದರಲ್ಲಿ ಒಂದು ವಾರ ಇರೋದಕ್ಕೆ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಕೈಯಾರೆ ದುಡ್ಡು ಕೊಟ್ಟು ಹೋಗ್ತೀರಾ?

1930ರ ದಶಕದ ಬ್ರಿಟನ್ನಿನ ಜನ ಹೋದರು. ಹೋಗಿ ಖುಷಿಪಟ್ಟರು. ಮುಂದಿನ ವರ್ಷವೂ ಬೇಕು ಅಂತ ಮೊದಲೇ ಬುಕ್ ಮಾಡಿದರು.

ಇವತ್ತು ಇಂಟರ್ನೆಟ್ಟಿನಲ್ಲಿ ಹಳೇ ರೈಲು ಬೋಗಿಯೊಳಗೆ ಡಬಲ್ ಕಾಟ್ ಹಾಕಿ, ಹಿತ್ತಾಳೆ ದೀಪ ತೂಗುಹಾಕಿ, ಕಿಟಕಿಗೆ ಮಖಮಲ್ಲಿನ ಪರದೆ ಬಿಟ್ಟ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಬಾಡಿಗೆ ನೋಡಿದರೆ ಮಾತ್ರ ನಿದ್ದೆ ಹಾರಿಹೋಗುತ್ತೆ! ಹಾಗಾಗಿ ಇದೆಲ್ಲ ದುಡ್ಡಿದ್ದವರ ಶೋಕಿ ಅಂತ ಅನ್ನಿಸೋದು ಸಹಜ. ಆದರೆ ಇದರ ಹಿಂದಿನ ಚರಿತ್ರೆ ಕೆದಕುತ್ತಾ ಹೋದರೆ ಸಿಗೋದು ತೀರಾ ಬೇರೆ ಕತೆ. ಇದು ಶುರುವಾಗಿದ್ದು ದುಡ್ಡಿಲ್ಲದವರಿಗಾಗಿ, ದುಡ್ಡಿಲ್ಲದ ಒಂದು ರೈಲ್ವೆ ಕಂಪನಿಯಿಂದ. ಅದು ಯಾವಾಗ, ಹೇಗೆ ಶೋಕಿಯ ವಸ್ತುವಾಯಿತು ಅನ್ನೋದರಲ್ಲಿ ನಮಗೂ ಒಂದು ಪಾಠ ಇದೆ ಅಂತ ನನಗನ್ನಿಸುತ್ತೆ.

ಮೊದಲು ಟ್ರಾಮುಗಳ ಕತೆ

ರೈಲಿಗಿಂತ ಮುಂಚೆ ಟ್ರಾಮಿನ ವಿಷಯ ಹೇಳಿಬಿಡ್ತೀನಿ. 1890ರ ದಶಕದಲ್ಲಿ ಅಮೆರಿಕದ ಊರುಗಳಲ್ಲಿ ಕುದುರೆ ಎಳೆಯುವ ಟ್ರಾಮುಗಳು ಹೋಗಿ ವಿದ್ಯುತ್ ಟ್ರಾಮುಗಳು ಬರುತ್ತಿದ್ದ ಕಾಲ. ಕುದುರೆಗಳನ್ನೇನೋ ಮಾರಬಹುದು, ಡಬ್ಬಿಗಳನ್ನು ಏನು ಮಾಡೋದು? 1895ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮಾರ್ಕೆಟ್ ಸ್ಟ್ರೀಟ್ ರೈಲ್ವೆ ಕಂಪನಿ ಒಂದು ಜಾಹೀರಾತು ಕೊಟ್ಟಿತು: ಹಳೇ ಟ್ರಾಮು ಮಾರಾಟಕ್ಕಿದೆ, ಸೀಟು ಸಮೇತ ಆದರೆ 20 ಡಾಲರ್, ಸೀಟು ಬೇಡ ಅಂದರೆ 10 ಡಾಲರ್.

ಜನ ಕೊಂಡುಕೊಂಡರು. ಊರಿನ ಪಶ್ಚಿಮದ ಅಂಚಿನಲ್ಲಿ, ಸಮುದ್ರದ ಪಕ್ಕ, ಬರೀ ಮರಳು ದಿಬ್ಬಗಳಿದ್ದ ಜಾಗಕ್ಕೆ ಎಳೆದುಕೊಂಡು ಹೋಗಿ ನಿಲ್ಲಿಸಿದರು. ಆ ಜಾಗದ ಒಡೆಯ ಆಡಾಲ್ಫ್ ಸುಟ್ರೋ, ಆಗ ಆ ಊರಿನ ಮೇಯರ್ ಕೂಡ ಆಗಿದ್ದವನು. ವಾರಾಂತ್ಯಕ್ಕೆ ಬಂದು ಹೋಗುವವರು, ಕಾಫಿ ಅಂಗಡಿ ಇಟ್ಟವರು, ಸಂಗೀತಗಾರರು, ಹೆಂಗಸರದ್ದೇ ಒಂದು ಸೈಕಲ್ ಕ್ಲಬ್ಬು, ಎಲ್ಲರೂ ಒಂದೊಂದು ಟ್ರಾಮು ಹಿಡಿದರು. ಎರಡು ಟ್ರಾಮು ಪಕ್ಕಪಕ್ಕ ನಿಲ್ಲಿಸಿ ನಡುವೆ ಹಜಾರ ಮಾಡಿಕೊಂಡವರಿದ್ದರು, ಒಂದರ ಮೇಲೊಂದು ಏರಿಸಿ ಮಹಡಿ ಮನೆ ಮಾಡಿಕೊಂಡವರೂ ಇದ್ದರು. ಊರಿಗೆ 'ಕಾರ್ವಿಲ್' ಅಂತಲೇ ಹೆಸರು ಬಿತ್ತು. 1906ರ ಭೂಕಂಪದಲ್ಲಿ ನಗರ ನೆಲಸಮವಾದಾಗ ಇನ್ನಷ್ಟು ಜನ ಇಲ್ಲಿಗೆ ಬಂದರು.

ಆಮೇಲೆ? ಊರು ಬೆಳೆಯಿತು. ಸೈಟಿನ ಬೆಲೆ ಏರಿತು. "ಸರಿಯಾದ ಮನೆ" ಕಟ್ಟುವವರು ಬಂದರು. ಅವರಿಗೆ ಈ ಟ್ರಾಮು ಮನೆಗಳು ಕೊಳೆಗೇರಿಯ ಥರ ಕಂಡವು. 1913ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದ ಸಂಭ್ರಮದಲ್ಲಿ, ಹಳೇ ಟ್ರಾಮುಗಳಿಗೆ ವಿಧಿವತ್ತಾಗಿ ಬೆಂಕಿ ಹಚ್ಚಿದರು. ಒಂದು ಬಡಾವಣೆ ತನ್ನ ಹುಟ್ಟನ್ನೇ ಹೋಳಿ ಹುಣ್ಣಿಮೆಯ ಹಾಗೆ ಸುಟ್ಟುಕೊಂಡಿತು! ಟ್ರಾಮುಗಳನ್ನು ಒಳಗೆ ಅಡಗಿಸಿಕೊಂಡ ಒಂದು ಮನೆ ಮಾತ್ರ ಉಳಿಯಿತು, ಅದನ್ನೀಗ ಚರಿತ್ರೆಯ ಆಸಕ್ತರು ಹುಡುಕಿಕೊಂಡು ಹೋಗಿ ನೋಡ್ತಾರೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಶೋರ್ಹ್ಯಾಮಿನಲ್ಲೂ ಹಳೇ ರೈಲು ಬೋಗಿಗಳಿಂದ 'ಬಂಗಲೋ ಟೌನ್' ಅಂತ ಒಂದು ಊರೇ ಎದ್ದಿತ್ತು. 1940ರಲ್ಲಿ ಜರ್ಮನರು ಸಮುದ್ರದ ಮೂಲಕ ದಾಳಿ ಮಾಡಬಹುದು ಅಂತ ಸೇನೆ ಅದರ ಬಹುಭಾಗವನ್ನು ನೆಲಸಮ ಮಾಡಿತು.

ಈ ಎರಡೂ ಕತೆಗಳಲ್ಲಿ ಗಮನಿಸಬೇಕಾದ್ದು ಒಂದಿದೆ. ಡಬ್ಬಿಯನ್ನು ಹಳಿಯಿಂದ ಕಿತ್ತು ತಂದಾಗ ಅದು ಬರೀ ಒಂದು ಅಗ್ಗದ ಶೆಡ್ಡು. ಜಾಗಕ್ಕೆ ಬೆಲೆ ಬರುವ ತನಕ ಅದಕ್ಕೆ ಆಯಸ್ಸು. ಆದರೆ ಡಬ್ಬಿಯನ್ನು ಹಳಿಯ ಮೇಲೇ ಬಿಟ್ಟು ಮನೆ ಮಾಡಿದರೆ? ಅಸಲಿ ಕತೆ ಇಲ್ಲಿಂದ ಶುರು.

1933: ಹತ್ತು ಡಬ್ಬಿಗಳು

1923ರ ಜನವರಿ 1ರಂದು ಬ್ರಿಟನ್ನಿನ ನೂರಕ್ಕೂ ಹೆಚ್ಚು ಸಣ್ಣಪುಟ್ಟ ರೈಲ್ವೆ ಕಂಪನಿಗಳನ್ನು ಸೇರಿಸಿ ನಾಲ್ಕು ದೊಡ್ಡ ಕಂಪನಿಗಳನ್ನು ಮಾಡಿದರು. ಅವುಗಳಲ್ಲಿ ಒಂದು ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ, ಚಿಕ್ಕದಾಗಿ ಎಲ್‌ಎನ್‌ಇಆರ್. ಹೆಸರು ದೊಡ್ಡದು, ಜೇಬು ಸಣ್ಣದು. ಕಲ್ಲಿದ್ದಲು, ಕಬ್ಬಿಣ ಸಾಗಿಸೋದೇ ಇದರ ಮುಖ್ಯ ಆದಾಯ. 1930ರ ಆಸುಪಾಸಿನ ಮಹಾ ಆರ್ಥಿಕ ಕುಸಿತದಲ್ಲಿ ಆ ಸರಕೇ ಇಳಿದುಹೋಯಿತು. ಇನ್ನೊಂದು ಕಡೆ ಮೋಟಾರು ಬಸ್ಸುಗಳು ಹಳ್ಳಿಹಳ್ಳಿಗೆ ನುಗ್ಗಿ ಕವಲು ಮಾರ್ಗಗಳ ಪ್ರಯಾಣಿಕರನ್ನು ಎತ್ತಿಕೊಂಡು ಹೋಗ್ತಿದ್ದವು.

ಕಂಪನಿಯ ಹತ್ತಿರ ಇದ್ದದ್ದೇನು? ಕೆಲಸವಿಲ್ಲದ ಹಳೇ ಡಬ್ಬಿಗಳು. ಹಳ್ಳಿ ಸ್ಟೇಷನ್ನುಗಳಲ್ಲಿ ಹುಲ್ಲು ಬೆಳೆದ ಸೈಡಿಂಗುಗಳು. ದಿನಕ್ಕೆ ಮೂರು ನಾಲ್ಕು ಗಾಡಿ ಕಳಿಸಿ ಉಳಿದ ಹೊತ್ತು ಹೂವಿನ ಗಿಡಕ್ಕೆ ನೀರು ಹಾಕುವ ಸ್ಟೇಷನ್ ಮಾಸ್ಟರುಗಳು. ಇವು ಮೂರನ್ನೂ ಒಟ್ಟಿಗೆ ಸೇರಿಸಿದರೆ ಏನಾದೀತು ಅಂತ ಯಾರಿಗೋ ಹೊಳೆಯಿತು. 1933ರ ಬೇಸಿಗೆಗೆ ಎಲ್‌ಎನ್‌ಇಆರ್ ಹತ್ತು ಹಳೇ ಡಬ್ಬಿಗಳನ್ನು ಮನೆಯ ಹಾಗೆ ಮಾರ್ಪಡಿಸಿ ಚೆಂದದ ಜಾಗಗಳಲ್ಲಿ ನಿಲ್ಲಿಸಿತು. ಹೆಸರು 'ಕ್ಯಾಂಪಿಂಗ್ ಕೋಚ್'.

ಇವು ಹಿಂದಿನ ಗ್ರೇಟ್ ನಾರ್ದರ್ನ್ ರೈಲ್ವೆಯ ಆರು ಚಕ್ರದ ಡಬ್ಬಿಗಳು. ನಾವು ಡಬ್ಬಿಗೇ ಬೋಗಿ ಅಂದುಬಿಡ್ತೀವಿ. ಎಂಜಿನಿಯರಿಂಗ್ ಭಾಷೆಯಲ್ಲಿ ಬೋಗಿ ಅಂದರೆ ಡಬ್ಬಿಯ ಕೆಳಗೆ ಎರಡೂ ತುದಿಯಲ್ಲಿ ತಿರುಗುವ, ಚಕ್ರಗಳನ್ನು ಹಿಡಿದಿರುವ ಚೌಕಟ್ಟು. ಈ ಆರು ಚಕ್ರದ ಡಬ್ಬಿಗಳಿಗೆ ಅದೇ ಇರಲಿಲ್ಲ, ಅಚ್ಚುಗಳು ನೇರವಾಗಿ ಚಾಸಿಗೇ ಕೂತಿದ್ದವು. ಅಂದರೆ ಇವು ಬೋಗಿ ಇಲ್ಲದ ಬೋಗಿಗಳು :-) ವೇಗವಾಗಿ ಓಡಿದರೆ ಕುಲುಕಾಟ. ಉದ್ದನೆಯ, ಬೋಗಿ ಇರುವ ಹೊಸ ಡಬ್ಬಿಗಳು ಬಂದ ಮೇಲೆ ಇವುಗಳನ್ನು ಕೇಳುವವರಿರಲಿಲ್ಲ. ಆದರೆ ಮರದ ಮೈ ಗಟ್ಟಿಯಾಗಿತ್ತು. ನಿಂತಲ್ಲೇ ನಿಲ್ಲುವ ಡಬ್ಬಿಗೆ ಕುಲುಕಾಟದ ಚಿಂತೆ ಏಕೆ?

ಒಳಗಿನ ಬದಲಾವಣೆಯೂ ಸರಳ. ಆ ಕಾಲದ ಡಬ್ಬಿಗಳಲ್ಲಿ ಒಂದೊಂದು ಕಂಪಾರ್ಟ್‌ಮೆಂಟೂ ಒಂದೊಂದು ಮುಚ್ಚಿದ ಕೋಣೆ, ಎರಡೂ ಬದಿ ಬಾಗಿಲು. ಕೆಲವನ್ನು ಹಾಗೇ ಬಿಟ್ಟು ಮಲಗುವ ಕೋಣೆ ಮಾಡಿದರು. ಕೆಲವು ಅಡ್ಡಗೋಡೆ ತೆಗೆದು ಕೂರುವ ಜಾಗ, ಅಡುಗೆಯ ಜಾಗ ಮಾಡಿದರು. ಆರು ಜನಕ್ಕೆ ಹಾಸಿಗೆ, ಹೊದಿಕೆ, ತಟ್ಟೆ, ಲೋಟ, ಚಮಚ, ಪಾತ್ರೆಪಗಡೆ ಎಲ್ಲ ಕಂಪನಿಯದ್ದೇ. ಅಡುಗೆಗೆ ಸೀಮೆಎಣ್ಣೆ ಸ್ಟೌ, ರಾತ್ರಿಗೆ ಎಣ್ಣೆ ದೀಪ. ನೀರು ಸ್ಟೇಷನ್ನಿಂದ ಹೊತ್ತು ತರಬೇಕು. ಶೌಚಕ್ಕೂ ಸ್ಟೇಷನ್ನಿಗೇ ಹೋಗಬೇಕು. ಮಧ್ಯರಾತ್ರಿ ಮಳೆ ಬಂದರೆ ದೇವರೇ ಗತಿ!

ಬಾಡಿಗೆ ಎಷ್ಟು ಗೊತ್ತಾ? ಇಡೀ ಡಬ್ಬಿಗೆ ವಾರಕ್ಕೆ 2 ಪೌಂಡ್ 10 ಶಿಲ್ಲಿಂಗ್.

ಸ್ವಲ್ಪ ಲೆಕ್ಕ ಹಾಕೋಣ, ಎಂಜಿನಿಯರ್ ಆಗಿ ಅಷ್ಟೂ ಮಾಡದಿದ್ದರೆ ಹೇಗೆ. ಆಗ ಪೌಂಡಿಗೆ 20 ಶಿಲ್ಲಿಂಗ್, ಶಿಲ್ಲಿಂಗಿಗೆ 12 ಪೆನ್ಸ್. ಅಂದರೆ 50 ಶಿಲ್ಲಿಂಗ್. ಆರು ಜನಕ್ಕೆ ಹಂಚಿದರೆ ತಲೆಗೆ 8 ಶಿಲ್ಲಿಂಗ್ 4 ಪೆನ್ಸ್. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ ಸುಮಾರು 1 ಶಿಲ್ಲಿಂಗ್ 2 ಪೆನ್ಸ್. ಇದು ಅಗ್ಗವೋ ದುಬಾರಿಯೋ ತಿಳಿಯಬೇಕಾದರೆ ಪಕ್ಕದಲ್ಲಿ ಇಡೋಕೆ ಒಂದು ಅಳತೆಗೋಲು ಬೇಕು. 1930ರಲ್ಲಿ ಬ್ರಿಟನ್ನಿನಲ್ಲಿ ಯೂತ್ ಹಾಸ್ಟೆಲ್ ಚಳವಳಿ ಶುರುವಾಗಿತ್ತು. ನಡೆದುಕೊಂಡೋ ಸೈಕಲ್ ತುಳಿದುಕೊಂಡೋ ಬರುವ ಬಡ ಹುಡುಗ ಹುಡುಗಿಯರಿಗೆ ಸಾಲು ಹಾಸಿಗೆಯ ಹಾಲ್. ಅಲ್ಲಿ ರಾತ್ರಿಗೆ 1 ಶಿಲ್ಲಿಂಗ್. ಅಂದರೆ ಎರಡು ಪೆನ್ನಿ ಹೆಚ್ಚು ಕೊಟ್ಟರೆ ಸಂಸಾರ ಸಮೇತ ಸ್ವಂತದ್ದೊಂದು 'ಮನೆ', ಕಿಟಕಿ ತೆಗೆದರೆ ಸಮುದ್ರವೋ ಬೆಟ್ಟವೋ!

ಇಷ್ಟು ಅಗ್ಗಕ್ಕೆ ಹೇಗೆ ಕೊಟ್ಟರು?

ಇಲ್ಲೇ ಇರೋದು ಜಾಣತನ. ಕ್ಯಾಂಪಿಂಗ್ ಕೋಚ್ ಹಿಡಿಯುವವರು ಬಾಡಿಗೆಯ ಜೊತೆಗೆ ಅಲ್ಲಿಗೆ ಹೋಗಿಬರುವ ರೈಲು ಟಿಕೆಟ್ಟುಗಳನ್ನೂ ಇಂತಿಷ್ಟು ಅಂತ ಕೊಳ್ಳಲೇಬೇಕಿತ್ತು. ಕಾರಿನಲ್ಲಿ ಬರ್ತೀನಿ, ಡಬ್ಬಿ ಮಾತ್ರ ಕೊಡಿ ಅಂದರೆ ನಡೆಯಲ್ಲ. ಬಂದ ಮೇಲೆ ಅಲ್ಲಿಂದ ಪಕ್ಕದ ಊರಿನ ಸಂತೆಗೋ ಬೀಚಿಗೋ ಹೋಗಬೇಕಾದರೆ ಮತ್ತೆ ರೈಲೇ. ಬಾಡಿಗೆ ಅನ್ನೋದು ಗಾಳ, ಟಿಕೆಟ್ಟೇ ಮೀನು.

ಖರ್ಚಿನ ಕಡೆ ನೋಡಿ. ಡಬ್ಬಿ ಹಳೇದು, ಅದರ ಬೆಲೆ ಲೆಕ್ಕದ ಪುಸ್ತಕದಲ್ಲಿ ಎಂದೋ ತೀರಿಹೋಗಿತ್ತು. ನಿಲ್ಲಿಸೋ ಜಾಗ ತಮ್ಮದೇ. ತಂದು ಬಿಡೋಕೆ ತಮ್ಮದೇ ಎಂಜಿನ್. ಚಾವಿ ಕೊಡೋಕೆ, ದೂರು ಕೇಳೋಕೆ ಸ್ಟೇಷನ್ ಮಾಸ್ಟರ್ ಇದ್ದೇ ಇದ್ದಾನೆ. ಹಾಲು ಮೊಟ್ಟೆ ಎಲ್ಲಿ ಸಿಗುತ್ತೆ ಅಂತ ಹೇಳೋಕೆ ಪೋರ್ಟರ್ ಇದ್ದಾನೆ. ಬೇಸಿಗೆ ಮುಗಿದ ಮೇಲೆ ಡಬ್ಬಿಯನ್ನು ಗಾಡಿಗೆ ಕಟ್ಟಿ ವರ್ಕ್‌ಶಾಪಿಗೆ ಎಳೆದುಕೊಂಡು ಹೋಗಿ, ಚಳಿಗಾಲದಲ್ಲಿ ರಿಪೇರಿ ಮಾಡಿ ಬಣ್ಣ ಬಳಿದು, ಮುಂದಿನ ವರ್ಷ ಮತ್ತೆ ತಂದು ನಿಲ್ಲಿಸಬಹುದು. ಹೋಟೆಲ್ ಕಟ್ಟುವವನಿಗೆ ಈ ಒಂದೊಂದಕ್ಕೂ ಬೇರೆ ಬೇರೆ ದುಡ್ಡು. ರೈಲ್ವೆಗೆ ಎಲ್ಲವೂ ಹೇಗೂ ಇದ್ದದ್ದೇ.

ನಮ್ಮ ಸಾಫ್ಟ್‌ವೇರ್ ಮಂದಿ ಹಳೇ ಸಿಸ್ಟಮ್ಮನ್ನು ಎಸೆಯದೆ ಅದರ ಮೇಲೇ ಹೊಸದೊಂದು ಸೇವೆ ಕಟ್ಟೋ ಹಾಗೆ. ಕೆಳಗಿನದ್ದು ಓಡುತ್ತಿರುವ ತನಕ ಮೇಲಿನದ್ದಕ್ಕೆ ಖರ್ಚೇ ಇಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಐಡಿಯಾ ಗೆದ್ದಿತು. 1934ರಲ್ಲಿ ಉಳಿದ ಎರಡು ಕಂಪನಿಗಳು, 1935ರಲ್ಲಿ ನಾಲ್ಕನೆಯದಾದ ಸದರ್ನ್ ರೈಲ್ವೆ, ಎಲ್ಲವೂ ನಕಲು ಮಾಡಿದವು. ಒಬ್ಬರು 'ಕ್ಯಾಂಪ್ ಕೋಚ್' ಅಂದರೆ ಇನ್ನೊಬ್ಬರು 'ಕ್ಯಾರವಾನ್' ಅಂದರು, ಒಳಗಿನ ಮಾಲು ಒಂದೇ. ಎಲ್‌ಎನ್‌ಇಆರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಯಾರ್ಕ್‌ಷೈರಿನಲ್ಲಿ ಒಂದು ವಾರದಲ್ಲಿ ಸ್ಟೇಷನ್ನಿಂದ ಸ್ಟೇಷನ್ನಿಗೆ ಸಾಗುವ ಕ್ಯಾಂಪಿಂಗ್ ಕೋಚನ್ನೂ ಓಡಿಸಿತು. ಮಲಗಿದ್ದಲ್ಲೇ ಮನೆ ಊರು ಬದಲಿಸುತ್ತೆ!

ಯಾರು ಬಂದರು?

ಇದು ಗುಮಾಸ್ತರ, ಮೇಷ್ಟರ, ಅಂಗಡಿ ಕೆಲಸದವರ, ಕಾರ್ಖಾನೆ ಕೆಲಸದವರ ರಜೆ. ಸಮುದ್ರ ತೀರದ ಬೋರ್ಡಿಂಗ್ ಹೌಸುಗಳಲ್ಲಿ ಮನೆಯೊಡತಿಯರ ಕಟ್ಟುಪಾಡುಗಳೇ ಜಾಸ್ತಿ ಇರುತ್ತಿದ್ದವು. ಬೆಳಿಗ್ಗೆ ತಿಂಡಿ ಮುಗಿಸಿ ಹೊರಗೆ ಹೋದರೆ ಸಂಜೆ ತನಕ ವಾಪಸ್ ಬರೋ ಹಾಗಿಲ್ಲ ಅನ್ನುವಂಥವು. ಡಬ್ಬಿಯಲ್ಲಿ ಅದೆಲ್ಲ ಇಲ್ಲ. ಮಕ್ಕಳು ಎಷ್ಟು ಬೇಕಾದರೂ ಕೂಗಾಡಬಹುದು, ಬೇಕಾದ್ದು ಬೇಯಿಸಿಕೊಂಡು ತಿನ್ನಬಹುದು.

ಆಗಿನ ಬ್ರಿಟನ್ನಿನಲ್ಲಿ ರಜೆ ಅನ್ನೋದೇ ದೊಡ್ಡ ಮಾತಾಗಿತ್ತು. ಬಹುಪಾಲು ಕಾರ್ಮಿಕರಿಗೆ ರಜೆ ಹಾಕಿದರೆ ಆ ವಾರದ ಕೂಲಿ ಇಲ್ಲ. ಸಂಬಳ ಸಹಿತ ರಜೆಯ ಕಾಯ್ದೆ ಬಂದದ್ದು 1938ರಲ್ಲಿ. ಅದು ಕೂಡ ವರ್ಷಕ್ಕೆ ಒಂದು ವಾರದ ಮಾತು. ಆ ಒಂದು ವಾರಕ್ಕೆ ಎಲ್ಲಿಗೆ ಹೋಗೋದು ಅನ್ನೋ ಪ್ರಶ್ನೆಗೆ ಕ್ಯಾಂಪಿಂಗ್ ಕೋಚ್ ಒಂದು ಉತ್ತರ.

ಆದರೆ ಮರುವರ್ಷವೇ ಯುದ್ಧ. ರಜೆ, ಬೀಚು ಎಲ್ಲ ಬಂದ್. ಡಬ್ಬಿಗಳು ರೈಲ್ವೆ ಕೆಲಸಗಾರರು ತಂಗೋಕೆ, ಯುದ್ಧಕಾಲದ ಬೇರೆ ಬೇರೆ ಕೆಲಸಗಳಿಗೆ ಹೋದವು. 1948ರಲ್ಲಿ ನಾಲ್ಕೂ ಕಂಪನಿಗಳು ರಾಷ್ಟ್ರೀಕರಣವಾಗಿ ಬ್ರಿಟಿಷ್ ರೈಲ್ವೇಸ್ ಆಯಿತು. 1950ರ ದಶಕದ ಆರಂಭದಲ್ಲಿ ಕ್ಯಾಂಪಿಂಗ್ ಕೋಚುಗಳು ದೇಶದ ಉದ್ದಗಲಕ್ಕೂ ಮತ್ತೆ ಬಂದವು. 1960ರಿಂದ ಒಂದು ಕಾಲದ ಶ್ರೀಮಂತರ ಪುಲ್ಮನ್ ಡಬ್ಬಿಗಳನ್ನೂ ಹೀಗೆ ಮಾರ್ಪಡಿಸಿದರು. ಲಾರ್ಡುಗಳು ಕೂತು ಟೀ ಕುಡಿದ ಡಬ್ಬಿಯಲ್ಲಿ ಈಗ ಗುಮಾಸ್ತನ ಮಕ್ಕಳು ದಿಂಬು ಎಸೆದಾಡುತ್ತಿದ್ದರು. ನನಗೆ ಈ ಇಡೀ ಚರಿತ್ರೆಯಲ್ಲಿ ಇಷ್ಟವಾದ ಚಿತ್ರ ಇದು.

ಹಳಿ ಹೋಯಿತು, ಮನೆಯೂ ಹೋಯಿತು

1963ರ ಮಾರ್ಚಿನಲ್ಲಿ ಬ್ರಿಟಿಷ್ ರೈಲ್ವೆ ಮಂಡಳಿಯ ಅಧ್ಯಕ್ಷ ರಿಚರ್ಡ್ ಬೀಚಿಂಗ್ ಒಂದು ವರದಿ ಕೊಟ್ಟ. ರೈಲ್ವೆ ನಷ್ಟದಲ್ಲಿದೆ, ಹಾಗಾಗಿ 2,363 ಸ್ಟೇಷನ್ನುಗಳನ್ನೂ ಸುಮಾರು 5,000 ಮೈಲಿ ಮಾರ್ಗವನ್ನೂ ಮುಚ್ಚಬೇಕು ಅಂತ. ಅವನ ಲೆಕ್ಕದಲ್ಲಿ ತಪ್ಪಿಲ್ಲ ಅನ್ನುವವರು ಇಂದಿಗೂ ಇದ್ದಾರೆ. ಕವಲು ಮಾರ್ಗಗಳು ನಿಜವಾಗಿಯೂ ನಷ್ಟದಲ್ಲಿದ್ದವು, ಕಾರು ಬಸ್ಸುಗಳ ಮುಂದೆ ಸೋತಿದ್ದವು. ಕೆಲವನ್ನಂತೂ ಯಾರು ಬಂದಿದ್ದರೂ ಉಳಿಸೋಕೆ ಆಗುತ್ತಿರಲಿಲ್ಲ.

ಆದರೆ ಕ್ಯಾಂಪಿಂಗ್ ಕೋಚುಗಳು ನಿಂತಿದ್ದದ್ದೇ ಇಂಥ ಕವಲು ಮಾರ್ಗಗಳಲ್ಲಿ. ಗಾಡಿ ಕಮ್ಮಿ, ಸದ್ದು ಕಮ್ಮಿ, ಸುತ್ತ ಹಸಿರು ಅನ್ನೋದೇ ಅಲ್ಲಿನ ಆಕರ್ಷಣೆ. ಯಾವ ಗುಣದಿಂದ ಆ ಜಾಗ ರಜೆಗೆ ಹೇಳಿಮಾಡಿಸಿದಂತಿತ್ತೋ ಅದೇ ಗುಣ ಲೆಕ್ಕದ ಪುಸ್ತಕದಲ್ಲಿ ದೋಷ!

ಯಾರ್ಕ್‌ಷೈರ್ ಕರಾವಳಿಯ ಸ್ಕಾರ್ಬರೋ–ವಿಟ್ಬಿ ಮಾರ್ಗ ನೋಡಿ. 1885ರಲ್ಲಿ ಶುರುವಾದ ಇದು ಬಂಡೆಗಳ ಅಂಚಿನಲ್ಲಿ, ಸಮುದ್ರ ನೋಡಿಕೊಂಡು ಹೋಗುತ್ತಿದ್ದ ಚೆಂದದ ಹಾದಿ. ರಾಬಿನ್ ಹುಡ್ಸ್ ಬೇ, ಕ್ಲಾಟನ್ ಮುಂತಾದ ಸ್ಟೇಷನ್ನುಗಳು ಕ್ಯಾಂಪಿಂಗ್ ಕೋಚಿಗೆ ಹೆಸರಾಗಿದ್ದವು. 1965ರ ಮಾರ್ಚಿನಲ್ಲಿ ಮಾರ್ಗ ಮುಚ್ಚಿತು. ಅಲ್ಲಿಗೆ ಡಬ್ಬಿ ತಂದು ನಿಲ್ಲಿಸೋಕೆ ಹಳಿಯಿಲ್ಲ, ಚಾವಿ ಕೊಡೋಕೆ ಸ್ಟೇಷನ್ ಮಾಸ್ಟರಿಲ್ಲ, ಬರೋಕೆ ರೈಲಿಲ್ಲ. ಹೀಗೆ ಒಂದೊಂದಾಗಿ ಜಾಗಗಳು ಹೋಗಿ, 1971ರ ಬೇಸಿಗೆಯ ನಂತರ ಸಾರ್ವಜನಿಕರಿಗೆ ಕ್ಯಾಂಪಿಂಗ್ ಕೋಚ್ ಕೊಡೋದನ್ನೇ ನಿಲ್ಲಿಸಿದರು. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಇದೇ ಅದು. ಕೆಳಗಿನದ್ದು ನಿಂತರೆ ಮೇಲಿನದ್ದು ತಾನಾಗೇ ಬೀಳುತ್ತೆ.

ಎರಡನೇ ಜನ್ಮ, ಎರಡು ಥರ

ಮುಂದಿನ ದಶಕಗಳಲ್ಲಿ ಹಳೇ ರೈಲುಗಳ ಮೇಲೆ ಜನರಿಗೆ ಪ್ರೀತಿ ಹುಟ್ಟಿತು. ಕಳೆದುಕೊಂಡ ಮೇಲೆ ಪ್ರೀತಿ ಹುಟ್ಟೋದು ಹೊಸದೇನಲ್ಲ ಬಿಡಿ. ಈ ಪ್ರೀತಿ ಎರಡು ದಾರಿ ಹಿಡಿಯಿತು.

ಒಂದು ದಾರಿಗೆ ಪೆಟ್‌ವರ್ತ್ ಉದಾಹರಣೆ. ಇದು ದಕ್ಷಿಣ ಇಂಗ್ಲೆಂಡಿನ ಸಸೆಕ್ಸಿನ ಹಳ್ಳಿ ಸ್ಟೇಷನ್, ಮರದ ಹಲಗೆಯ ಮುದ್ದಾದ ಕಟ್ಟಡ. ಬೀಚಿಂಗನಿಗಿಂತ ಮುಂಚೆಯೇ, 1955ರಲ್ಲಿ, ಇಲ್ಲಿ ಪ್ರಯಾಣಿಕರ ಗಾಡಿ ನಿಂತಿತು. 1966ರಲ್ಲಿ ಗೂಡ್ಸ್ ಕೂಡ ನಿಂತಿತು. ಎಷ್ಟೋ ವರ್ಷಗಳ ನಂತರ ಇದನ್ನು ಅತಿಥಿಗೃಹ ಮಾಡಿ, ಅಲಿಕಾಂಟೆ, ಫ್ಲೋರಾ, ಮಿಮೋಸಾ, ಮೊಂಟಾನಾ ಎಂಬ ಹಳೇ ಪುಲ್ಮನ್ ಡಬ್ಬಿಗಳನ್ನು ತಂದು ನಿಲ್ಲಿಸಿ ಮಲಗುವ ಕೋಣೆಗಳನ್ನಾಗಿಸಿದರು. ಟಿಕೆಟ್ ಕೌಂಟರಿನ ಕಡೆಯಿಂದ ಒಳಗೆ ಹೋಗಿ, ವೇಟಿಂಗ್ ಹಾಲಿನಲ್ಲಿ ತಿಂಡಿ ತಿನ್ನಬಹುದು. ಎಲ್ಲವೂ ಇದೆ, ರೈಲೊಂದನ್ನು ಬಿಟ್ಟು. ಅತಿಥಿಗಳು ಬರೋದು ಕಾರಿನಲ್ಲಿ. ಕ್ಲಾಟನ್ ಸ್ಟೇಷನ್ನಿನಲ್ಲೂ ಹೀಗೇ ಒಂದು ಡಬ್ಬಿ ಬಂತು. ಅಲ್ಲಿ ಹಳಿ ಇದ್ದ ಜಾಗ ಈಗ ನಡೆಯುವವರ, ಸೈಕಲ್ ತುಳಿಯುವವರ ದಾರಿ.

ಇದನ್ನು ನಾನು ಹಳಿಯುತ್ತಿಲ್ಲ ('ಹಳಿ'ಯುತ್ತಿಲ್ಲ ಅನ್ನಬೇಕೇನೋ!). ಇವರು ಇಲ್ಲದಿದ್ದರೆ ಆ ಡಬ್ಬಿಗಳು ಎಂದೋ ಗುಜರಿಗೆ ಹೋಗಿರುತ್ತಿದ್ದವು. ಆದರೆ ಒಂದು ಗಮನಿಸಿ. ಇಲ್ಲಿ ಜಾಗ, ಕೆಲಸಗಾರರು, ರಿಪೇರಿ, ಪ್ರತಿಯೊಂದಕ್ಕೂ ಒಡೆಯನೇ ದುಡ್ಡು ಸುರಿಯಬೇಕು. ಅದಕ್ಕೇ ಬಾಡಿಗೆ ಏರುತ್ತೆ. 1933ರಲ್ಲಿ ಯೂತ್ ಹಾಸ್ಟೆಲ್ಲಿಗಿಂತ ಎರಡೇ ಪೆನ್ನಿ ಜಾಸ್ತಿ ಇದ್ದದ್ದು ಈಗ ಮದುವೆ ವಾರ್ಷಿಕೋತ್ಸವಕ್ಕೆ ಉಡುಗೊರೆ ಕೊಡುವಂಥ ವಸ್ತುವಾಗಿದೆ.

ಇನ್ನೊಂದು ದಾರಿ ಸ್ಕಾಟ್ಲೆಂಡಿನ ಉತ್ತರ ತುದಿಯ ಕಡೆ, ರೋಗಾರ್ಟ್ ಎಂಬ ಪುಟ್ಟ ಸ್ಟೇಷನ್ನಿನಲ್ಲಿ. ಇನ್ವರ್ನೆಸ್ಸಿನಿಂದ ಮೇಲೆ ಹೋಗುವ ಈ ಮಾರ್ಗವೂ ಬೀಚಿಂಗನ ಮುಚ್ಚುವ ಪಟ್ಟಿಯಲ್ಲಿತ್ತು. ಜನ ಗಲಾಟೆ ಮಾಡಿ ಉಳಿಸಿಕೊಂಡರು. ಉಳಿದದ್ದರಿಂದಲೇ ಮುಂದೆ ಅಲ್ಲಿ ಹಳೇ ಡಬ್ಬಿಗಳಲ್ಲಿ ಒಂದು ಹಾಸ್ಟೆಲ್ ಶುರುವಾಯಿತು. ಬಂಕ್ ಹಾಸಿಗೆ, ಸಣ್ಣ ಅಡುಗೆಮನೆ, ಕಮ್ಮಿ ಬಾಡಿಗೆ. ಅದರಲ್ಲೂ ರೈಲಿನಲ್ಲೋ ಸೈಕಲ್ಲಿನಲ್ಲೋ ಬಂದವರಿಗೆ ರಿಯಾಯಿತಿ ಕೊಟ್ಟರು! ಯಾರೂ ಹೇಳಿಕೊಡದೇ 1933ರ ಸೂತ್ರ ಅಲ್ಲಿಗೆ ವಾಪಸ್ ಬಂದಿತ್ತು.

ಇವೆರಡರ ನಡುವೆ ಗೋತ್‌ಲ್ಯಾಂಡ್ ಇದೆ. ಹ್ಯಾರಿ ಪಾಟರ್ ಮೊದಲ ಸಿನಿಮಾದಲ್ಲಿ (2001) ಹಾಗ್ಸ್‌ಮೀಡ್ ಸ್ಟೇಷನ್ ಅಂತ ತೋರಿಸಿದ್ದು ಇದನ್ನೇ. 1965ರಲ್ಲಿ ಮುಚ್ಚಿದ್ದ ಈ ಮಾರ್ಗವನ್ನು ಆಸಕ್ತರು ಸೇರಿ ದುಡ್ಡು ಕೂಡಿಸಿ 1973ರಲ್ಲಿ ಮತ್ತೆ ಓಡಿಸಿದರು. ಅವರು ಮೊದಲು ಹಳಿಯನ್ನು ಬದುಕಿಸಿದರು, ಆಮೇಲೆ ಕ್ಯಾಂಪಿಂಗ್ ಕೋಚ್ ತಂದು ನಿಲ್ಲಿಸಿದರು. ಕ್ರಮ ಸರಿಯಾಗಿತ್ತು.

ನಮ್ಮಲ್ಲಿ?

ಡಬ್ಬಿಯಲ್ಲಿ ವಾಸ ಅನ್ನೋದು ನಮಗೂ ಅಪರಿಚಿತವಲ್ಲ. 1979ರಲ್ಲಿ ಶುರುವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯ ಸಲೂನ್ ಇದೆ, 1899ರದ್ದು, ಅಡುಗೆ ಊಟದ ವ್ಯವಸ್ಥೆ ಸಮೇತ. 1982ರಲ್ಲಿ ಪ್ಯಾಲೇಸ್ ಆನ್ ವೀಲ್ಸ್ ಶುರುವಾದದ್ದೂ ರಾಜರ ಹಳೇ ಸಲೂನುಗಳಿಂದ. ಇನ್ನೊಂದು ತುದಿಯಲ್ಲಿ ಹಳಿ ರಿಪೇರಿಯ ಗ್ಯಾಂಗಿನವರು ಸೈಡಿಂಗಿನಲ್ಲಿ ನಿಂತ ಕ್ಯಾಂಪ್ ಕೋಚುಗಳಲ್ಲಿ ತಿಂಗಳುಗಟ್ಟಲೆ ಬದುಕ್ತಾರೆ. ಕಿಟಕಿಗೆ ಕಟ್ಟಿದ ಹಗ್ಗದ ಮೇಲೆ ಬಟ್ಟೆ ಒಣಗುತ್ತಿರೋದನ್ನು ನೀವೂ ನೋಡಿರ್ತೀರಿ. ರಾಜರಿಗೂ ಉಂಟು, ಗ್ಯಾಂಗ್‌ಮನ್ನಿಗೂ ಉಂಟು. ನಡುವಿನವರಿಗೆ, ಅಂದರೆ ನಮ್ಮ ನಿಮ್ಮಂಥವರಿಗೆ, ಇಲ್ಲ.

2020ರಲ್ಲಿ ಕೊರೋನಾ ಬಂದಾಗ ಭಾರತೀಯ ರೈಲ್ವೆ 5,000ಕ್ಕೂ ಹೆಚ್ಚು ಸ್ಲೀಪರ್ ಡಬ್ಬಿಗಳನ್ನು ಐಸೊಲೇಶನ್ ವಾರ್ಡುಗಳಾಗಿ ಮಾರ್ಪಡಿಸಿತು. ನಡುವಿನ ಬರ್ತ್ ತೆಗೆದು, ಶೌಚಾಲಯವನ್ನು ಸ್ನಾನದ ಮನೆ ಮಾಡಿದರು. ಬಹುಪಾಲು ಬಳಕೆಯಾಗಲೇ ಇಲ್ಲ ಅನ್ನೋದು ಬೇರೆ ಮಾತು. ಆದರೆ ಮನಸ್ಸು ಮಾಡಿದರೆ ನಮ್ಮ ವರ್ಕ್‌ಶಾಪುಗಳು ಎಷ್ಟು ಬೇಗ ಈ ಕೆಲಸ ಮಾಡಬಲ್ಲವು ಅನ್ನೋದಂತೂ ಗೊತ್ತಾಯಿತು.

ಈಗ ಡಬ್ಬಿಗಳಿಗೆ ಬರವೂ ಇಲ್ಲ. ಪೆರಂಬೂರಿನ ಕಾರ್ಖಾನೆ 1955ರಿಂದ ಮಾಡುತ್ತಾ ಬಂದಿದ್ದ ಹಳೇ ವಿನ್ಯಾಸದ ನೀಲಿ ಡಬ್ಬಿಗಳ ತಯಾರಿ 2018ಕ್ಕೆ ನಿಂತಿತು. ಅವುಗಳ ಜಾಗಕ್ಕೆ ಎಲ್‌ಎಚ್‌ಬಿ ಡಬ್ಬಿಗಳು ಬರ್ತಿವೆ. ವಯಸ್ಸಾದ ಕೆಲವು ಹಳೇ ಡಬ್ಬಿಗಳಿಗೆ ಕಿಟಕಿ ಬಾಗಿಲು ಮುಚ್ಚಿ ಕಾರು ಸಾಗಿಸುವ ವ್ಯಾಗನ್ ಮಾಡ್ತಾರೆ. ಕೆಲವು ಸ್ಟೇಷನ್ ಮುಂದೆ ಹೋಟೆಲ್ಲುಗಳಾಗಿವೆ. ಒಳಗೆ ಕೂತು ಪನೀರ್ ಬಟರ್ ಮಸಾಲಾ ತಿನ್ನಬಹುದು. ಉಳಿದವು ಗುಜರಿಗೆ.

ನನ್ನ ಆಸೆ ಏನಂದರೆ, ಇವುಗಳಲ್ಲಿ ನಾಲ್ಕೇ ನಾಲ್ಕು ಡಬ್ಬಿಗಳನ್ನು ತಾಳಗುಪ್ಪಕ್ಕೆ ಕಳಿಸಬೇಕು. ತಾಳಗುಪ್ಪ ಮಾರ್ಗದ ಕೊನೆಯ ಸ್ಟೇಷನ್, ಜೋಗ ಅಲ್ಲಿಂದ ಸುಮಾರು 15 ಕಿಲೋಮೀಟರ್. ಮೀಟರ್ ಗೇಜ್ ಕಾಲದ ಕೊನೆಯಲ್ಲಿ ಇಲ್ಲಿಗೆ ಒಂದೇ ಡಬ್ಬಿಯ ರೈಲುಬಸ್ಸು ಬಂದು ಹೋಗುತ್ತಿತ್ತು. ಮುಚ್ಚಿಹೋಗುತ್ತೇನೋ ಅನ್ನೋ ಸ್ಥಿತಿಯಲ್ಲಿದ್ದ ಮಾರ್ಗ, ಗೇಜ್ ಪರಿವರ್ತನೆಯಾಗಿ 2011ರಲ್ಲಿ ಮತ್ತೆ ಉಸಿರಾಡಿತು. ನಮ್ಮ ರೋಗಾರ್ಟ್ ಇದು. ಮಳೆಗಾಲದಲ್ಲಿ ಜೋಗಕ್ಕೆ ಹೋಗುವ ನಮ್ಮ ಬೆಂಗಳೂರಿನ ಜನ ಸಾಲುಸಾಲು ಕಾರು ತೆಗೆದುಕೊಂಡು ಹೋಗ್ತಾರೆ. ರಾತ್ರಿ ರೈಲಿನಲ್ಲಿ ಬಂದಿಳಿದು, ಅಲ್ಲೇ ಪಕ್ಕದ ಹಳಿಯ ಮೇಲಿನ ಡಬ್ಬಿಗೆ ಚೀಲ ಎಸೆದು, ಬಸ್ಸು ಹತ್ತಿ ಜೋಗಕ್ಕೆ ಹೋಗಿ ಬರೋ ಹಾಗಿದ್ದರೆ? ಷರತ್ತು ಒಂದೇ: ರೈಲು ಟಿಕೆಟ್ ತೋರಿಸಿದವರಿಗೆ ಮಾತ್ರ ಚಾವಿ.

ಮಲೆನಾಡಿನ ಮಳೆಯಲ್ಲಿ ಉಕ್ಕಿನ ಡಬ್ಬಿ ತುಕ್ಕು ಹಿಡಿಯಲ್ವಾ ಅಂತ ಕೇಳಬಹುದು. ಹಿಡಿಯುತ್ತೆ. ಬಿಸಿಲಿಗೆ ಕಾದು ಒಲೆಯಾಗಲ್ವಾ? ಆಗುತ್ತೆ. ಇದಕ್ಕೆ ಉತ್ತರವೂ ಹಳಿಯಲ್ಲೇ ಇದೆ. ಚಕ್ರದ ಮೇಲಿರುವ ಡಬ್ಬಿಯನ್ನು ವರ್ಷಕ್ಕೊಮ್ಮೆ ಗಾಡಿಗೆ ಕಟ್ಟಿ ಮೈಸೂರಿನ ಅಶೋಕಪುರಂ ವರ್ಕ್‌ಶಾಪಿಗೋ ಹುಬ್ಬಳ್ಳಿಗೋ ಕಳಿಸಿ, ರಿಪೇರಿ ಮಾಡಿಸಿ ವಾಪಸ್ ತರಬಹುದು. ಕ್ರೇನಿನಲ್ಲಿ ಎತ್ತಿ ಯಾವುದೋ ರೆಸಾರ್ಟಿನ ಲಾನ್ ಮೇಲೆ ಕಾಂಕ್ರೀಟು ಹಾಕಿ ಕೂರಿಸಿದ ಡಬ್ಬಿಗೆ ಆ ಭಾಗ್ಯ ಇಲ್ಲ. ಅದು ಅಲ್ಲೇ ತುಕ್ಕು ಹಿಡಿಯುತ್ತೆ.

ಹಳೇ ಡಬ್ಬಿಗೆ ಮಂಚ ಹಾಕೋದು ಕಷ್ಟದ ಕೆಲಸವೇ ಅಲ್ಲ, ಬಡಗಿ ಮಾಡಿಕೊಡ್ತಾನೆ. ಆದರೆ ಆ ಡಬ್ಬಿಯಲ್ಲಿ ಮಲಗಿದವರಿಗೆ ಬೆಳಗಿನ ಜಾವ ಪಕ್ಕದ ಹಳಿಯ ಮೇಲೆ ಗಾಡಿ ಬಂದು ನಿಂತ ಸದ್ದು ಕೇಳಬೇಕು. ಆ ಗಾಡಿಯಿಂದ ಊರಿನವರು ನಾಲ್ಕು ಜನ ಚೀಲ ಹಿಡಿದು ಇಳಿಯಬೇಕು. 1933ರಲ್ಲಿ 50 ಶಿಲ್ಲಿಂಗಿಗೆ ಸಿಗುತ್ತಿದ್ದದ್ದು ಆರು ಹಾಸಿಗೆ ಮಾತ್ರ ಅಲ್ಲ, ಇದೆಲ್ಲ.

ನಿಮಗೇನನ್ನಿಸುತ್ತೆ? ತಾಳಗುಪ್ಪ ಬೇಡ, ಕ್ಯಾಸಲ್ ರಾಕ್ ಆಗಲಿ, ಸಕಲೇಶಪುರ ಆಗಲಿ ಅನ್ನುವವರು ಯಾರಾದರೂ ಇದ್ದೀರಾ? ಅಪ್ಪರ್ ಬರ್ತ್ ಮಾತ್ರ ನನಗೆ, ಈಗಲೇ ಹೇಳಿಬಿಡ್ತೀನಿ :-)